ನೂರರ ತನಕ ಹೇಳುವ ಮಗು ಆರು ಚಮಚ ಯಾಕೆ ತರಲ್ಲ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಒಂದರಿಂದ ನೂರರ ತನಕ ಎಲ್ಲೂ ತಡವರಿಸದೆ ಹೇಳುತ್ತಾಳೆ. ಆದರೆ ‘ಆರು ಚಮಚ ತಗೊಂಡು ಬಾ’ ಅಂದರೆ ಕೈಗೆ ಸಿಕ್ಕಷ್ಟು ತರುತ್ತಾಳೆ. ಎಣಿಸು ಅಂದರೆ ಎಣಿಸುತ್ತಾಳೆ. ‘ಹಾಗಾದ್ರೆ ಎಷ್ಟಿದೆ?’ ಅಂತ ಕೇಳಿದರೆ ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ಅವಳದೇ ವಯಸ್ಸಿನ ನನ್ನ ನಾದಿನಿಯ ಮಗ ಆಗಲೇ ಕೂಡುವ ಲೆಕ್ಕ ಮಾಡುತ್ತಾನೆ. ಶಾಲೆಯಲ್ಲಿ ನನಗೆ ಲೆಕ್ಕ ಅಂದರೆ ಚಳಿಜ್ವರ ಬರುತ್ತಿತ್ತು. ಇವಳಿಗೂ ಹಾಗೇ ಆಗುತ್ತದಾ ಅಂತ ಭಯ. ಬೆರಳು ಮಡಚಿ ಎಣಿಸುವುದನ್ನು ಈಗಲೇ ಬಿಡಿಸಬೇಕು ಅಂತ ಅತ್ತೆ ಹೇಳುತ್ತಾರೆ. ವರ್ಕ್‌ಶೀಟ್ ತರಲಾ, ಆ್ಯಪ್ ಹಾಕಿಕೊಡಲಾ, ಕ್ಲಾಸಿಗೆ ಸೇರಿಸಲಾ? ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು?

ಉತ್ತರ: ಗಾಬರಿ ಬೇಡ. ನಿಮ್ಮ ಮಗಳು ಈಗ ಎಲ್ಲಿ ನಿಂತಿದ್ದಾಳೋ ಅಲ್ಲಿ ಎಲ್ಲ ಮಕ್ಕಳೂ ಒಂದಷ್ಟು ಕಾಲ ನಿಂತೇ ಮುಂದೆ ಹೋಗುವುದು. ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಒಂದಿದೆ. ನೂರರ ತನಕ ಹೇಳುತ್ತಾಳೆ ಅಂತ ಬೀಗಿ ಸುಮ್ಮನಾಗದೆ, ಆರು ಚಮಚ ಬರಲಿಲ್ಲ ಅನ್ನುವುದನ್ನು ನೀವು ನೋಡಿದ್ದೀರಿ. ಎಷ್ಟೋ ಮನೆಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೂರರ ತನಕ ಹೇಳುವುದು ಒಂದು ವಿದ್ಯೆ, ಎಷ್ಟಿದೆ ಅಂತ ತಿಳಿಯುವುದು ಇನ್ನೊಂದು. ಮೊದಲನೆಯದು ಹಾಡು ಬಾಯಿಪಾಠವಾದ ಹಾಗೆ. ಪದಗಳು ಒಂದರ ಹಿಂದೆ ಒಂದು ಬಾಯಿಗೆ ಬರುತ್ತವೆ. ‘ಆರು’ ಅನ್ನುವ ಪದಕ್ಕೂ ಕೈಯಲ್ಲಿರುವ ಆರು ಚಮಚಕ್ಕೂ ನಂಟು ಇನ್ನೂ ಬಿದ್ದಿರುವುದಿಲ್ಲ. ಹಾಗಂತ ಬಾಯಿಪಾಠ ದಂಡ ಅಲ್ಲ. ಪದಗಳ ಸಾಲು ಗಟ್ಟಿಯಿಲ್ಲದೆ ಎಣಿಸುವುದಾದರೂ ಹೇಗೆ? ಇಪ್ಪತ್ತೊಂಬತ್ತು ಆದಮೇಲೆ ‘ಇಪ್ಪತ್ತಹತ್ತು’ ಅನ್ನುವ ಮಕ್ಕಳನ್ನು ನೋಡಿ ದೊಡ್ಡವರು ನಗುತ್ತಾರೆ. ನನಗೆ ಅದು ಕೇಳಿದರೆ ಖುಷಿ. ಆ ಪದವನ್ನು ಯಾರೂ ಕಲಿಸಿಲ್ಲ, ಮಗು ತಾನೇ ನಿಯಮ ಹಿಡಿದು ಕಟ್ಟಿದೆ. ನಿಮ್ಮ ಮಗಳು ಆ ಘಟ್ಟ ದಾಟಿದ್ದಾಳೆ. ಹಾಗಾಗಿ ನೂರರಿಂದ ಇನ್ನೂರಕ್ಕೆ ಹೋಗುವ ಕೆಲಸ ಸದ್ಯಕ್ಕೆ ಬಿಡಿ. ಈಗ ಇರುವ ಕೆಲಸ ಒಂದರಿಂದ ಹತ್ತರೊಳಗೆ. ನಿಜ ಹೇಳಬೇಕೆಂದರೆ ಒಂದರಿಂದ ಐದರೊಳಗೆ.

ಮಕ್ಕಳು ‘ಎಷ್ಟು’ ಅನ್ನುವುದನ್ನು ಕಲಿಯುವ ರೀತಿ ದೊಡ್ಡವರಿಗೆ ವಿಚಿತ್ರ ಅನಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಕರೆನ್ ವಿನ್ 1990ರ ಸುಮಾರಿಗೆ ನೀವು ಚಮಚದಲ್ಲಿ ಮಾಡಿದ್ದನ್ನೇ ಪುಟ್ಟ ಆಟಿಕೆಗಳಲ್ಲಿ ಮಾಡಿ ನೋಡಿದರು. ‘ಒಂದು ಕೊಡು, ಮೂರು ಕೊಡು, ಐದು ಕೊಡು’, ಅಷ್ಟೇ. ಅದರಿಂದ ಗೊತ್ತಾದದ್ದು ಇದು. ಮಗು ಮೊದಲು ‘ಒಂದು’ ಅನ್ನುವುದನ್ನು ಮಾತ್ರ ಹಿಡಿಯುತ್ತದೆ. ಒಂದು ಕೇಳಿದರೆ ಒಂದೇ ಕೊಡುತ್ತದೆ, ಬೇರೆ ಏನು ಕೇಳಿದರೂ ಒಂದು ಮುಷ್ಟಿ. ಕೆಲವು ತಿಂಗಳು ಕಳೆದಮೇಲೆ ‘ಎರಡು’ ಬರುತ್ತದೆ. ಆಮೇಲೆ ‘ಮೂರು’. ಇದು ಒಂದೊಂದೇ ಮೆಟ್ಟಿಲು. ಒಂದಕ್ಕೂ ಮೂರಕ್ಕೂ ನಡುವೆ ವರ್ಷವೇ ಹಿಡಿಯಬಹುದು. ಮೂರು-ನಾಲ್ಕು ದಾಟಿದಮೇಲೆ ಮಾತ್ರ ಮೆಟ್ಟಿಲು ಹತ್ತುವುದು ನಿಲ್ಲುತ್ತದೆ. ಒಂದು ದಿನ ಮಗುವಿಗೆ ಗುಟ್ಟು ಹೊಳೆಯುತ್ತದೆ: ಎಣಿಸುತ್ತಾ ಕೊನೆಗೆ ಹೇಳಿದ ಪದವೇ ‘ಎಷ್ಟು’ ಅನ್ನುವುದಕ್ಕೆ ಉತ್ತರ. ಅಲ್ಲಿಂದ ಐದೂ ಬರುತ್ತದೆ, ಆರೂ ಬರುತ್ತದೆ, ಎಂಟೂ ಬರುತ್ತದೆ. ಎಷ್ಟೋ ಮಕ್ಕಳಿಗೆ ಇದು ಮೂರೂವರೆ, ನಾಲ್ಕರ ಆಸುಪಾಸಿನಲ್ಲಿ ಹೊಳೆಯುತ್ತದೆ. ಕೆಲವರಿಗೆ ಐದರ ಹತ್ತಿರ ಬಂದಾಗ. ನಿಮ್ಮ ಮಗಳು ಕೊಂಚ ನಿಧಾನದ ಗುಂಪಿನಲ್ಲಿ ಇರಬಹುದು. ಅದಕ್ಕೆ ಹೆದರುವುದಕ್ಕಿಂತ ಅವಳು ಯಾವ ಮೆಟ್ಟಿಲ ಮೇಲಿದ್ದಾಳೆ ಅಂತ ತಿಳಿದುಕೊಳ್ಳುವುದು ಮುಖ್ಯ.

ಅದನ್ನು ತಿಳಿಯುವುದು ಸುಲಭ. ಹತ್ತು-ಹನ್ನೆರಡು ಗುಂಡಿಗಳನ್ನೋ ಬಟ್ಟೆ ಕ್ಲಿಪ್ಪುಗಳನ್ನೋ ಬಟ್ಟಲಲ್ಲಿ ಹಾಕಿ. ಒಂದು ಗೊಂಬೆ ಕೂರಿಸಿ. ‘ಗೊಂಬೆಗೆ ಎರಡು ಬೇಕಂತೆ, ಕೊಡು’ ಅನ್ನಿ. ಕೊಟ್ಟದ್ದನ್ನು ಗೊಂಬೆ ಇಸ್ಕೊಳ್ಳಲಿ. ಸರಿಯೋ ತಪ್ಪೋ ಹೇಳಬೇಡಿ. ಆಮೇಲೆ ಮೂರು, ಒಂದು, ನಾಲ್ಕು, ಮತ್ತೆ ಎರಡು, ಹೀಗೆ ಹಿಂದು ಮುಂದು ಮಾಡಿ ಕೇಳಿ. ಒಂದೇ ದಿನ ಎಲ್ಲ ಮುಗಿಸಬೇಕಿಲ್ಲ. ಯಾವ ಸಂಖ್ಯೆಯ ತನಕ ಪ್ರತಿ ಸಲವೂ ಸರಿಯಾಗಿ ಕೊಡುತ್ತಾಳೋ ಅದು ಅವಳ ಮೆಟ್ಟಿಲು. ಎರಡರ ತನಕ ಗಟ್ಟಿಯಿದ್ದರೆ ಮನೆಯಲ್ಲಿ ನಿಮ್ಮ ಮಾತೆಲ್ಲ ಮೂರರ ಸುತ್ತ ಇರಲಿ. ಮೂರು ಗಟ್ಟಿಯಿದ್ದರೆ ನಾಲ್ಕರ ಸುತ್ತ. ಆರು ಚಮಚದ ಮಾತು ಆಮೇಲೆ.

ಇನ್ನು, ‘ಎಷ್ಟಿದೆ’ ಅಂದಾಗ ಅವಳು ಯಾಕೆ ಮತ್ತೆ ಎಣಿಸುತ್ತಾಳೆ? ಅವಳ ಮಟ್ಟಿಗೆ ‘ಎಷ್ಟಿದೆ?’ ಅಂದರೆ ‘ಎಣಿಸಿ ತೋರಿಸು’ ಅಂತ ಅರ್ಥ. ನಾವೇ ಹಾಗೆ ಕಲಿಸಿರುತ್ತೇವೆ. ಎಷ್ಟು ಅಂತ ಕೇಳುತ್ತೇವೆ, ಮಗು ಎಣಿಸುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅಲ್ಲಿಗೆ ಆಟ ಮುಗಿಯಿತು ಅಂತ ಮಗು ಅಂದುಕೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ. ದೊಡ್ಡವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ, ಮೊದಲು ಹೇಳಿದ್ದು ತಪ್ಪು ಅಂತ ಮಕ್ಕಳಿಗೆ ಅನಿಸುತ್ತದೆ. ಇದಕ್ಕೆ ಒಂದು ಸ್ವಾರಸ್ಯದ ಪ್ರಯೋಗವೇ ಇದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಸಮಸಮ ಇರುವ ಎರಡು ಸಾಲು ಬಿಲ್ಲೆ ಇಡುತ್ತಿದ್ದರು. ‘ಎರಡೂ ಸಮ ಇದೆಯಾ?’ ಹೌದು. ಆಮೇಲೆ ಒಂದು ಸಾಲನ್ನು ಅಗಲಕ್ಕೆ ಹರಡಿ ಅದೇ ಪ್ರಶ್ನೆ. ನಾಲ್ಕೈದು ವರ್ಷದವರು ಬಹಳ ಮಂದಿ ‘ಉದ್ದ ಇರೋದ್ರಲ್ಲಿ ಜಾಸ್ತಿ’ ಅನ್ನುತ್ತಿದ್ದರು. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಒಂದು ಸಣ್ಣ ಬದಲಾವಣೆ ಮಾಡಿದರು. ಸಾಲನ್ನು ಕೆದಕಿದ್ದು ದೊಡ್ಡವರಲ್ಲ, ತುಂಟ ಕರಡಿ ಗೊಂಬೆ. ಅಷ್ಟಕ್ಕೇ ‘ಸಮ ಇದೆ’ ಅಂದ ಮಕ್ಕಳ ಸಂಖ್ಯೆ ಏರಿತು. ದೊಡ್ಡವರು ಬೇಕೆಂದೇ ಏನೋ ಮಾಡಿ ಮತ್ತೆ ಕೇಳಿದರೆ ಮಗು ಉತ್ತರ ಬದಲಿಸಬೇಕೇನೋ ಅಂದುಕೊಳ್ಳುತ್ತದೆ. ಕರಡಿ ಕಿತಾಪತಿ ಮಾಡಿದರೆ ಆ ಗೊಂದಲ ಇಲ್ಲ. ಹಾಗಾಗಿ ‘ಮತ್ತೊಂದ್ಸಲ ಎಣಿಸು, ಸರಿಯಾಗಿ ಎಣಿಸು’ ಅನ್ನುವುದನ್ನು ಕಡಿಮೆ ಮಾಡಿ.

ಅದರ ಬದಲು ನೀವೇ ಹೇಳಿ, ಆಮೇಲೆ ಎಣಿಸಿ. ‘ನೋಡು, ಮೂರು ಚಮಚ. ಒಂದು, ಎರಡು, ಮೂರು.’ ಮೊದಲು ಎಷ್ಟು ಅಂತ ಹೆಸರು ಹೇಳುವುದು, ಹಿಂದೆಯೇ ಎಣಿಸುವುದು. ಸುಮ್ನೆ ಎಣಿಸಿ ಬಿಡುವುದಕ್ಕಿಂತ, ಅಥವಾ ಸುಮ್ನೆ ‘ಮೂರಿದೆ’ ಅಂದು ಬಿಡುವುದಕ್ಕಿಂತ ಹೀಗೆ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡ ಮಕ್ಕಳು ಬೇಗ ಮುಂದೆ ಹೋಗಿದ್ದು ಪ್ರಯೋಗದಲ್ಲೂ ಕಂಡಿದೆ. ಎಣಿಸಿದಮೇಲೆ ಕೊನೆಯ ಪದವನ್ನು ಇನ್ನೊಮ್ಮೆ ಒತ್ತಿ ಹೇಳಿ, ಕೈಯನ್ನು ಎಲ್ಲದರ ಸುತ್ತ ಆಡಿಸಿ: ‘ಒಂದು, ಎರಡು, ಮೂರು. ಒಟ್ಟು ಮೂರು!’ ಆ ಕೈ ಸುತ್ತಿಸುವುದು ಸಣ್ಣ ವಿಷಯ ಅನಿಸಬಹುದು. ಮಗುವಿಗೆ ಅದು ದೊಡ್ಡದು. ಮೂರು ಅಂದರೆ ಕೊನೆಯಲ್ಲಿ ಮುಟ್ಟಿದ ಚಮಚದ ಹೆಸರಲ್ಲ, ಇಡೀ ಗುಂಪಿನ ಲೆಕ್ಕ ಅಂತ ಅದು ಕಣ್ಣಿಗೆ ತೋರಿಸುತ್ತದೆ.

ಅವಳು ಎಣಿಸುವಾಗ ಪಕ್ಕದಲ್ಲಿ ಕೂತು ಬೆರಳನ್ನೇ ನೋಡಿ, ಬಾಯಿಯನ್ನಲ್ಲ. ತಪ್ಪು ಎಲ್ಲಿ ಆಗುತ್ತದೆ ಅಂತ ಅಲ್ಲಿ ತಿಳಿಯುತ್ತದೆ. ಕೆಲವು ಮಕ್ಕಳ ಬಾಯಿ ಬೆರಳಿಗಿಂತ ಮುಂದೆ ಓಡುತ್ತದೆ. ಕೆಲವರು ‘ಒಂ-ಬ-ತ್ತು’ ಅನ್ನುವಷ್ಟರಲ್ಲಿ ಮೂರು ಗುಂಡಿ ಮುಟ್ಟಿರುತ್ತಾರೆ. ವಸ್ತುಗಳು ಚೆಲ್ಲಾಪಿಲ್ಲಿ ಬಿದ್ದಿದ್ದರೆ ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾರೆ, ಒಂದನ್ನು ಬಿಟ್ಟೇ ಬಿಡುತ್ತಾರೆ. ದುಂಡಗೆ ಇಟ್ಟರಂತೂ ಎಲ್ಲಿ ಶುರು ಮಾಡಿದೆ ಅಂತ ನೆನಪಿಲ್ಲದೆ ಸುತ್ತುತ್ತಲೇ ಇರುತ್ತಾರೆ. ಇದಕ್ಕೆಲ್ಲ ಬೈಗುಳ ಬೇಡ, ಒಂದೇ ಉಪಾಯ ಸಾಕು. ಬರೀ ಮುಟ್ಟುವುದಲ್ಲ, ಎಣಿಸಿದ್ದನ್ನು ಈ ಕಡೆಯಿಂದ ಆ ಕಡೆಗೆ ಸರಿಸುವುದು. ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಹಾಕುವುದು ಇನ್ನೂ ಒಳ್ಳೆಯದು. ‘ಟಣ್’ ಅಂತ ಸದ್ದು ಬಂದಾಗ ಒಂದು ಪದ. ಬಾಯಿ ತಾನಾಗಿ ನಿಧಾನವಾಗುತ್ತದೆ.

ಇನ್ನೊಂದು ಆಟ ಮಕ್ಕಳಿಗೆ ಬಹಳ ಇಷ್ಟ. ಗೊಂಬೆ ಎಣಿಸುತ್ತದೆ, ಬೇಕಂತಲೇ ತಪ್ಪು ಎಣಿಸುತ್ತದೆ. ಒಂದನ್ನು ಎರಡು ಸಲ ಎಣಿಸುತ್ತದೆ, ಇಲ್ಲವೇ ಮೂರು ಆದಮೇಲೆ ಐದು ಅನ್ನುತ್ತದೆ, ಇಲ್ಲವೇ ನಾಲ್ಕರ ತನಕ ಎಣಿಸಿ ‘ಒಟ್ಟು ಆರು!’ ಅಂತ ಕೂಗುತ್ತದೆ. ನಿಮ್ಮ ಮಗಳು ಮೇಷ್ಟರು. ಮನೋವಿಜ್ಞಾನಿ ರೋಶೆಲ್ ಗೆಲ್ಮನ್ ಮತ್ತು ಜೊತೆಗಾರರು ಮಕ್ಕಳು ಎಣಿಕೆಯ ನಿಯಮಗಳನ್ನು ಎಷ್ಟು ಬಲ್ಲರು ಅಂತ ತಿಳಿಯಲು ಇಂಥದೇ ಗೊಂಬೆಯಾಟ ಬಳಸಿದ್ದರು. ತಾನು ಎಣಿಸುವಾಗ ತಪ್ಪುವ ಮಗು ಗೊಂಬೆಯ ತಪ್ಪನ್ನು ಹಿಡಿಯುತ್ತದೆ. ಕೊನೆಯ ತರಹದ ತಪ್ಪನ್ನು, ಅಂದರೆ ಸರಿಯಾಗಿ ಎಣಿಸಿ ಒಟ್ಟು ತಪ್ಪು ಹೇಳುವುದನ್ನು, ನಿಮ್ಮ ಮಗಳು ಹಿಡಿದ ದಿನ ನೀವು ಸಿಹಿ ಸುದ್ದಿ ಅಂದುಕೊಳ್ಳಬಹುದು. ಗುಟ್ಟು ಹೊಳೆಯುತ್ತಿದೆ ಅಂತ ಲೆಕ್ಕ.

ಈಗ ಎಣಿಸದೇ ತಿಳಿಯುವ ವಿಷಯಕ್ಕೆ ಬರೋಣ. ಇದನ್ನು ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ. ನನ್ನ ಕೇಳಿದರೆ ಅರ್ಧ ಲೆಕ್ಕ ಇಲ್ಲೇ ಇದೆ.

ದಾಳದಲ್ಲಿ ಮೂರು ಚುಕ್ಕೆ ಬಿದ್ದರೆ ನೀವು ಎಣಿಸುತ್ತೀರಾ? ಇಲ್ಲ, ನೋಡಿದ ಕೂಡಲೇ ಮೂರು ಅಂತ ಗೊತ್ತಾಗುತ್ತದೆ. ಕಣ್ಣು ಒಂದೇ ನೋಟಕ್ಕೆ ಮೂರು-ನಾಲ್ಕರ ತನಕ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಎಣಿಸಬೇಕು, ಇಲ್ಲವೇ ತುಂಡು ಮಾಡಿ ನೋಡಬೇಕು. ಐದನ್ನು ನಾವು ಮೂರು ಮತ್ತು ಎರಡಾಗಿ ನೋಡುತ್ತೇವೆ, ಆರನ್ನು ಮೂರು ಮತ್ತು ಮೂರಾಗಿ. ಕೂಡುವ ಲೆಕ್ಕದ ಬೇರು ಇಲ್ಲಿದೆ. ಐದರೊಳಗೆ ಮೂರೂ ಎರಡೂ ಕಾಣುವ ಮಗುವಿಗೆ ‘ಮೂರಕ್ಕೆ ಎರಡು ಕೂಡು’ ಅನ್ನುವುದು ಹೊಸ ವಿಷಯವೇ ಅಲ್ಲ.

ಆಟ ಹೀಗೆ. ನಾಲ್ಕು ಗುಂಡಿ ತಗೊಳ್ಳಿ. ಅವಳ ಮುಂದೆ ಇಬ್ಬರೂ ಸೇರಿ ಎಣಿಸಿ, ನಾಲ್ಕಿದೆ ಅಂತ ಒಪ್ಪಿಕೊಳ್ಳಿ. ಅವಳು ಕಣ್ಣು ಮುಚ್ಚಲಿ. ನೀವು ಕೆಲವನ್ನು ಅಂಗೈ ಕೆಳಗೆ ಮುಚ್ಚಿಡಿ. ಕಣ್ಣು ಬಿಟ್ಟರೆ ಮೂರು ಕಾಣುತ್ತಿದೆ. ‘ಕೈ ಕೆಳಗೆ ಎಷ್ಟಿದೆ?’ ಮೊದಮೊದಲು ಊಹೆ ಹೊಡೆಯುತ್ತಾಳೆ. ‘ಹತ್ತು!’ ಅನ್ನಲೂಬಹುದು. ಕೈ ಎತ್ತಿ ತೋರಿಸಿ. ‘ಮೂರು ಇಲ್ಲಿ, ಒಂದು ಇಲ್ಲಿ, ಒಟ್ಟು ನಾಲ್ಕು.’ ಆಮೇಲೆ ಮುಚ್ಚಿಡುವ ಸರದಿ ಅವಳದು, ಊಹಿಸುವ ಸರದಿ ನಿಮ್ಮದು. ಮಕ್ಕಳು ಅಂಗೈ ಒತ್ತಿ ಹಿಡಿದು, ಬೆರಳ ಸಂದಿಯಿಂದ ಗುಂಡಿ ಇಣುಕುತ್ತಿದ್ದರೂ ‘ಗೊತ್ತಾಗಲ್ಲ, ಗೊತ್ತಾಗಲ್ಲ’ ಅಂತ ಕುಣಿಯುತ್ತಾರೆ. ನೀವು ಉತ್ತರ ಹುಡುಕುವಾಗ ಯೋಚನೆಯನ್ನು ಬಾಯಿಬಿಟ್ಟು ಹೇಳಿ: ‘ನಾಲ್ಕಿತ್ತು ಅಲ್ವಾ, ಈಗ ಎರಡು ಕಾಣ್ತಿದೆ, ಹಾಗಾದ್ರೆ...’ ನಾಲ್ಕು ಸಲೀಸಾದಮೇಲೆ ಐದು ಗುಂಡಿ. ಐದರಲ್ಲಿ ತಿಂಗಳುಗಟ್ಟಲೆ ಆಡಬಹುದು. ಅವಸರ ಮಾಡಿ ಏಳೆಂಟಕ್ಕೆ ಜಿಗಿಯಬೇಡಿ. ನಿಮ್ಮ ನಾದಿನಿಯ ಮಗ ಮಾಡುವ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಎರಡೂ ಈ ಅಂಗೈ ಕೆಳಗೇ ಇವೆ. ಅವನಿಗೆ ಅರ್ಥವಾಗಿಯೇ ಬಂದಿದೆಯೋ, ‘ಎರಡು ಎರಡು ನಾಲ್ಕು’ ಅಂತ ಉರು ಹೊಡೆದದ್ದೋ ನಾನು ಇಲ್ಲಿಂದ ಹೇಳಲಾರೆ. ಹೇಗಿದ್ದರೂ ಅವನು ನಿಮ್ಮ ಮಗಳಿಗೆ ಅಳತೆಗೋಲಲ್ಲ.

ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು ಅಂತ ಕೇಳಿದಿರಿ. ಕೂರಿಸಲೇಬೇಡಿ. ಆಟಕ್ಕೆ ಐದು-ಹತ್ತು ನಿಮಿಷ, ಅದೂ ಅವಳಿಗೆ ಮನಸ್ಸಿದ್ದರೆ. ಉಳಿದದ್ದೆಲ್ಲ ಮಾತಿನಲ್ಲಿ ನಡೆಯಲಿ. ಈ ಮಾತಿನ ತೂಕ ಎಷ್ಟು ಅನ್ನುವುದಕ್ಕೆ ಶಿಕಾಗೋ ವಿಶ್ವವಿದ್ಯಾಲಯದ ಸೂಸನ್ ಲೆವೀನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 44 ಮನೆಗಳಿಗೆ, ಮಗುವಿಗೆ 14 ತಿಂಗಳಿದ್ದಾಗಿನಿಂದ 30 ತಿಂಗಳ ತನಕ, ಐದು ಸಲ ಹೋಗಿ ಅಪ್ಪ-ಅಮ್ಮನ ಮಾಮೂಲಿ ಮಾತುಕತೆಯನ್ನು ವಿಡಿಯೋ ಮಾಡಿಕೊಂಡರು. ಒಂದು ಮನೆಯಲ್ಲಿ ಸಂಖ್ಯೆಯ ಪದಗಳು ಬಂದದ್ದು ಒಟ್ಟು 4 ಸಲ, ಇನ್ನೊಂದರಲ್ಲಿ 257 ಸಲ. ಜಾಸ್ತಿ ಕೇಳಿಸಿಕೊಂಡ ಮಕ್ಕಳು 46ನೇ ತಿಂಗಳಲ್ಲಿ ಸಂಖ್ಯೆಯ ಅರ್ಥವನ್ನು ಹೆಚ್ಚು ಚೆನ್ನಾಗಿ ಬಲ್ಲವರಾಗಿದ್ದರು. ಇದು ನಂಟು ಮಾತ್ರ, ಇದರಿಂದಲೇ ಅದು ಆಯಿತು ಅಂತ ಆಣೆ ಮಾಡಿ ಹೇಳುವ ಹಾಗಿಲ್ಲ. ಆದರೂ ಅದೇ ತಂಡ ಮುಂದೆ ನೋಡಿದಾಗ ಇನ್ನೊಂದು ಕಂಡಿತು. ಗಾಳಿಯಲ್ಲಿ ಒಂದು-ಎರಡು ಹೇಳುವುದಕ್ಕಿಂತ, ಕಣ್ಣೆದುರು ಇರುವ ವಸ್ತುಗಳನ್ನು ಎಣಿಸುವ, ಎಷ್ಟಿದೆ ಅಂತ ಹೇಳುವ ಮಾತಿಗೆ ಬೆಲೆ ಜಾಸ್ತಿ. ಅದರಲ್ಲೂ ನಾಲ್ಕರಿಂದ ಹತ್ತರ ನಡುವಿನ ಸಂಖ್ಯೆಗಳ ಮಾತಿಗೆ.

ಎಂಥ ಮಾತು? ಅಂಗಿ ಹಾಕುವಾಗ, ‘ನಾಲ್ಕು ಗುಂಡಿ ಇದೆ. ಎರಡು ಹಾಕಿ ಆಯ್ತು, ಇನ್ನೆಷ್ಟು?’ ತಟ್ಟೆ ಇಡುವಾಗ, ‘ನಾವು ಐದು ಜನ, ತಟ್ಟೆ ಮೂರೇ ಇದೆ. ಸಾಕಾ?’ ಇದರಲ್ಲಿ ಕೊನೆಯದು ನನಗೆ ಬಹಳ ಇಷ್ಟ. ‘ಎಷ್ಟಿದೆ’ ಅನ್ನುವುದು ಪರೀಕ್ಷೆ ಥರ ಕೇಳಿಸುತ್ತದೆ. ಉತ್ತರ ಕೇಳುವವರಿಗೆ ಮೊದಲೇ ಗೊತ್ತಿದೆ ಅಂತ ಮಗುವಿಗೂ ಗೊತ್ತು. ‘ಸಾಕಾ?’ ಅನ್ನುವುದು ನಿಜವಾದ ಪ್ರಶ್ನೆ. ಸಾಲದಿದ್ದರೆ ಯಾರಿಗೋ ತಟ್ಟೆ ಇಲ್ಲ. ಎಣಿಸುವುದಕ್ಕೆ ಅಲ್ಲೊಂದು ಕಾರಣ ಇದೆ. ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ ಇಡುತ್ತಾ ಹೋಗುವುದೂ ಲೆಕ್ಕವೇ, ಒಂದೂ ಸಂಖ್ಯೆ ಬಾಯಿಗೆ ಬರದಿದ್ದರೂ. ಚಪ್ಪಲಿ ಜೋಡಿ ಮಾಡುವುದು, ಒಗೆದ ಕಾಲುಚೀಲಗಳಲ್ಲಿ ಒಂಟಿ ಯಾವುದು ಅಂತ ಹುಡುಕುವುದು, ಮೆಟ್ಟಿಲು ಹತ್ತುವಾಗ ಒಂದೊಂದಕ್ಕೆ ಒಂದೊಂದು ಪದ, ಇಳಿಯುವಾಗ ಹಿಂದಕ್ಕೆ ಎಣಿಕೆ, ಇವೆಲ್ಲ ನಿಮ್ಮ ಮನೆಯಲ್ಲಿ ಹೇಗೂ ನಡೆಯುವ ಕೆಲಸಗಳು. ಒಂದು ಮಾತು ಸೇರಿಸಿದರೆ ಸಾಕು. ದಿನವಿಡೀ ಸೇರಿಸುತ್ತಲೇ ಇರಬೇಡಿ, ಮಗುವಿಗೆ ತಲೆ ಚಿಟ್ಟು ಹಿಡಿಯುತ್ತದೆ.

ಆಟಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಅದರ ಹಿಂದೆ ಒಳ್ಳೆಯ ಪ್ರಯೋಗ ಇರುವುದರಿಂದ. ರಟ್ಟಿನ ಮೇಲೆ ಒಂದೇ ಅಡ್ಡ ಸಾಲಿನಲ್ಲಿ ಹತ್ತು ಮನೆ ಬರೆಯಿರಿ, ಒಂದರಿಂದ ಹತ್ತರ ತನಕ ಅಂಕಿ ಹಾಕಿ. ಒಂದು ಮತ್ತು ಎರಡು ಮಾತ್ರ ಬೀಳುವ ದಾಳ ಬೇಕು. ಬಿಲ್ಲೆಯ ಒಂದು ಮುಖಕ್ಕೆ 1, ಇನ್ನೊಂದಕ್ಕೆ 2 ಅಂಟಿಸಿ ಚಿಮ್ಮಿದರೆ ಆಯಿತು. ಯಾರು ಮೊದಲು ಹತ್ತು ತಲುಪುತ್ತಾರೋ ಅವರು ಗೆದ್ದರು. ಇಷ್ಟೇ ಆಟ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅನ್ನುವ ಮನೋವಿಜ್ಞಾನಿಗಳು 2008ರಲ್ಲಿ ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳ ಜೊತೆ ಇಂಥದನ್ನೇ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ 15ರಿಂದ 20 ನಿಮಿಷ. ಎಣಿಕೆ, ಅಂಕಿ ಗುರುತಿಸುವುದು, ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಅನ್ನುವುದು, ಎಲ್ಲದರಲ್ಲೂ ಮಕ್ಕಳು ಮುಂದೆ ಬಂದರು. ಒಂಬತ್ತು ವಾರ ಬಿಟ್ಟು ನೋಡಿದಾಗಲೂ ಅದು ಉಳಿದಿತ್ತು. ಅಂಕಿಯ ಬದಲು ಬಣ್ಣ ಹಾಕಿದ ಪಟದಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ.

ಆಡುವಾಗ ಒಂದು ಸೂಕ್ಷ್ಮ ಇದೆ, ಇದನ್ನು ತಪ್ಪಿಸಬೇಡಿ. ಮಗು ನಾಲ್ಕರ ಮನೆಯಲ್ಲಿದೆ, ಎರಡು ಬಿತ್ತು. ಸಾಮಾನ್ಯವಾಗಿ ಎಲ್ಲರೂ ‘ಒಂದು, ಎರಡು’ ಅಂತ ಕಾಯಿ ನಡೆಸುತ್ತಾರೆ. ಹಾಗಲ್ಲ, ‘ಐದು, ಆರು’ ಅಂತ ಮನೆಯ ಹೆಸರು ಹೇಳುತ್ತಾ ನಡೆಸಬೇಕು. ಹೀಗೆ ಆಡಿದ ಮಕ್ಕಳಿಗೇ ಲಾಭ ಜಾಸ್ತಿ ಅಂತ ಸೀಗ್ಲರ್ ತಂಡವೇ ಮುಂದೆ ತೋರಿಸಿತು. ಮೊದಲು ಕಷ್ಟ ಆಗುತ್ತದೆ, ನೀವು ಜೊತೆಗೆ ಹೇಳಿ. ಹಾವು-ಏಣಿ ಸಾಲದಾ ಅಂತ ಕೇಳುವವರಿಗೆ: ಮಜಾ ಮಾಡಲು ಸಾಕು. ಆದರೆ ಅದರಲ್ಲಿ ಒಂದು ಸಾಲು ಬಲಕ್ಕೆ ಹೋದರೆ ಮುಂದಿನದು ಎಡಕ್ಕೆ ತಿರುಗುತ್ತದೆ, ನೂರು ಮನೆ ಬೇರೆ. ಇದೇ ಸಾಲದ್ದಕ್ಕೆ ಹಾವು. ನಾಲ್ಕು ವರ್ಷದ ಮಗುವಿಗೆ ಸಂಖ್ಯೆ ಒಂದೇ ದಿಕ್ಕಿಗೆ ದೊಡ್ಡದಾಗುತ್ತಾ ಹೋಗುತ್ತದೆ ಅನ್ನುವುದು ಅಲ್ಲಿ ಕಾಣುವುದೇ ಇಲ್ಲ.

ಲೆಕ್ಕ ಅಂದರೆ ಸಂಖ್ಯೆ ಮಾತ್ರ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬ್ಲಾಕ್ ಜೋಡಿಸುವುದು, ಚಿತ್ರದ ತುಂಡು ಕೂಡಿಸುವುದು, ‘ಮೇಲೆ, ಕೆಳಗೆ, ನಡುವೆ, ತಿರುಗಿಸು, ಓರೆ’ ಅನ್ನುವ ಮಾತುಗಳು, ಎಲ್ಲವೂ ಅದರಲ್ಲೇ ಸೇರಿವೆ. ಆಕಾರ ಹೇಳಿಕೊಡುವಾಗ ಒಂದು ಎಚ್ಚರ. ಪುಸ್ತಕಗಳಲ್ಲಿ ತ್ರಿಕೋನ ಯಾವಾಗಲೂ ಮೂರೂ ಬದಿ ಸಮ ಇದ್ದು ನೆಟ್ಟಗೆ ಕೂತಿರುತ್ತದೆ. ಅದನ್ನೇ ನೋಡಿದ ಮಕ್ಕಳು ಸಪೂರದ, ವಾಲಿದ ತ್ರಿಕೋನ ತೋರಿಸಿದರೆ ‘ಇದು ತ್ರಿಕೋನ ಅಲ್ಲ’ ಅನ್ನುತ್ತಾರೆ. ಕಾಗದ ಕತ್ತರಿಸಿ ಉದ್ದದ್ದು, ಗಿಡ್ಡದ್ದು, ತಲೆಕೆಳಗಾದದ್ದು ಎಲ್ಲ ತೋರಿಸಿ, ಮೂಲೆ ಎಣಿಸಲಿ.

ಬೆರಳಿನ ವಿಷಯ. ನಿಮ್ಮ ಅತ್ತೆಯವರು ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಬೆರಳಿಗೆ ಅಂಟಿಕೊಂಡರೆ ಮುಂದೆ ಕಷ್ಟ ಅಂತ. ಆದರೆ ಈ ವಯಸ್ಸಿನಲ್ಲಿ ಬಿಡಿಸಬೇಡಿ. ಐದಾರು ವರ್ಷದಲ್ಲಿ ಬೆರಳು ಬಳಸುವ ಮಕ್ಕಳೇ ಲೆಕ್ಕದಲ್ಲಿ ಮುಂದಿರುತ್ತಾರೆ. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಇದು ತಿರುಗುತ್ತದೆ, ಆಗ ಬೆರಳು ಬೇಡವಾದವರು ಮುಂದೆ. ನಡುವೆ ಅದು ತಾನಾಗೇ ಬಿಟ್ಟುಹೋಗಬೇಕು, ನಾವು ಕಿತ್ತುಕೊಳ್ಳುವುದಲ್ಲ. ಕೈ ಬೆನ್ನ ಹಿಂದೆ ಇಟ್ಟುಕೋ ಅಂದರೆ ಮಗು ಬೆರಳು ಬಿಟ್ಟು ಊಹೆ ಶುರು ಮಾಡುತ್ತದೆ, ಅಷ್ಟೇ. ಬದಲಿಗೆ, ಒಂದೊಂದೇ ಬೆರಳು ಮಡಚದೆ ‘ನಾಲ್ಕು ಬೆರಳು ಥಟ್ಟಂತ ತೋರಿಸು’ ಅನ್ನುವ ಆಟ ಆಡಿ. ಮೂರನ್ನು ಒಂದೇ ಕೈಯಲ್ಲಿ ತೋರಿಸಿದರೆ, ‘ಎರಡೂ ಕೈ ಬಳಸಿ ಮೂರು ತೋರಿಸು’ ಅನ್ನಿ. ಎರಡು ಇಲ್ಲಿ, ಒಂದು ಅಲ್ಲಿ. ಮತ್ತೆ ಅದೇ ಗುಂಡಿಯಾಟ, ಗುಂಡಿ ಇಲ್ಲದೆ. ಅತ್ತೆಯವರನ್ನೂ ಈ ಆಟಕ್ಕೆ ಕೂರಿಸಿಕೊಳ್ಳಿ.

ವರ್ಕ್‌ಶೀಟಿಗೆ ಈಗ ಹಣ ಹಾಕಬೇಡಿ. ಅದರಲ್ಲಿ ಚಿತ್ರವನ್ನು ಸರಿಸಲಾಗದು, ಮುಚ್ಚಿಡಲಾಗದು. ನಿಮ್ಮ ಮಗಳಿಗೆ ಈಗ ಬೇಕಾದದ್ದು ಅದೇ. ಇನ್ನು ಅಂಕಿ ಬರೆಯುವುದು ಕೈಯ ಕೆಲಸ, ತಲೆಯದ್ದಲ್ಲ. 3 ಅನ್ನು ತಿರುಗಿಸಿ ಬರೆದರೆ ಆರೇಳು ವರ್ಷದ ತನಕ ಚಿಂತೆ ಬೇಡ. ಆ್ಯಪ್ ಕೆಟ್ಟದ್ದು ಅಂತ ಹೇಳಲ್ಲ. ಗಡಿಯಾರ ಓಡಿಸುವ, ತಪ್ಪಾದರೆ ಕಿರುಚುವ ಆ್ಯಪ್ ಬೇಡ. ಯಾವುದೇ ಆಗಲಿ, ಪಕ್ಕದಲ್ಲಿ ನೀವು ಕೂತಿದ್ದರೆ ಮಾತ್ರ. ಎಣಿಸಲು ಅಂತ ಮಾರುವ ಬಣ್ಣಬಣ್ಣದ ಆನೆ, ಕಾರು ಬೊಂಬೆಗಳಿಗಿಂತ ಸಾದಾ ಗುಂಡಿ, ಕಲ್ಲು ಮೇಲು. ಆನೆ ಕಂಡರೆ ಮಗು ಆನೆಯಾಟ ಆಡುತ್ತದೆ, ಎಣಿಕೆ ಮರೆಯುತ್ತದೆ. ತಪ್ಪೇನಿಲ್ಲ, ಅದು ಆನೆಯ ಕೆಲಸ. ಕ್ಲಾಸಿಗೆ ಸೇರಿಸುವ ಯೋಚನೆ ಇದ್ದರೆ ಒಂದು ದಿನ ಹೋಗಿ ನೋಡಿ. ಮಕ್ಕಳ ಕೈಯಲ್ಲಿ ವಸ್ತು ಇದೆಯಾ, ‘ಹೇಗೆ ಗೊತ್ತಾಯ್ತು?’ ಅಂತ ಯಾರಾದರೂ ಮಕ್ಕಳನ್ನು ಕೇಳುತ್ತಾರಾ ಅಂತ ಗಮನಿಸಿ. ಬರೀ ಕೋರಸ್ಸಿನಲ್ಲಿ ಮಗ್ಗಿ ಹೇಳಿಸುತ್ತಿದ್ದರೆ ಮನೆಗೆ ಬನ್ನಿ.

ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದರಲ್ಲಿ ಎಣಿಸುವ ಮಕ್ಕಳ ಬಗ್ಗೆಯೂ ಪೋಷಕರು ಕೇಳುತ್ತಾರೆ. ಒಂದು, ಎರಡು, ಮೂರರ ಅರ್ಥವನ್ನು ಮಗು ಎರಡೂ ಭಾಷೆಯಲ್ಲಿ ಬೇರೆ ಬೇರೆಯಾಗಿ ಕಲಿಯುತ್ತದೆ. ಆದರೆ ‘ಕೊನೆಯ ಪದವೇ ಎಷ್ಟು’ ಅನ್ನುವ ಗುಟ್ಟು ಒಂದರಲ್ಲಿ ಹೊಳೆದರೆ ಇನ್ನೊಂದಕ್ಕೂ ದಾಟುತ್ತದೆ. ಹಾಗಾಗಿ ನಿಮಗೆ ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ.

ಇನ್ನು ನಿಮ್ಮ ಭಯ. ಇದನ್ನು ನಾನು ಹಗುರ ಮಾಡಿ ಹೇಳಲ್ಲ. 2015ರಲ್ಲಿ ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮುಂತಾದ ಮನೋವಿಜ್ಞಾನಿಗಳು ಒಂದು, ಎರಡನೇ ತರಗತಿ ಮಕ್ಕಳನ್ನು ವರ್ಷವಿಡೀ ಗಮನಿಸಿ ಬರೆದದ್ದು ಹೀಗಿದೆ: ಲೆಕ್ಕದ ಭಯ ಇರುವ ಅಪ್ಪ-ಅಮ್ಮ ಹೋಂವರ್ಕಿಗೆ ಪದೇಪದೇ ಕೈ ಹಾಕಿದ ಮನೆಗಳಲ್ಲಿ ಮಕ್ಕಳು ಲೆಕ್ಕ ಕಡಿಮೆ ಕಲಿತಿದ್ದರು, ಭಯವೂ ಅಂಟಿಕೊಂಡಿತ್ತು. ಆದರೆ ಅಷ್ಟೇ ಭಯ ಇದ್ದು ಹೋಂವರ್ಕಿಗೆ ಅಷ್ಟಾಗಿ ಕೂರದ ಅಪ್ಪ-ಅಮ್ಮನ ಮಕ್ಕಳಲ್ಲಿ ಹೀಗೆ ಕಾಣಲಿಲ್ಲ. ಅಂದರೆ ಭಯ ಬರೀ ರಕ್ತದಲ್ಲಿ ಹರಿದು ಬರುವುದಲ್ಲ. ಪುಸ್ತಕ ಮುಂದಿಟ್ಟುಕೊಂಡು, ಉಸಿರು ಬಿಗಿಹಿಡಿದು, ‘ಅಯ್ಯೋ, ಇಷ್ಟೂ ಗೊತ್ತಾಗಲ್ವಾ?’ ಅನ್ನುವ ಆ ಹೊತ್ತಿನಲ್ಲೂ ದಾಟಬಹುದು. ಮುಂದೆ ಅವಳು ಶಾಲೆಗೆ ಹೋದಾಗ ಹೋಂವರ್ಕ್ ಮನೆಯಲ್ಲಿ ಬೇರೆಯವರ ಪಾಲಿಗೆ ಬಿಡಿ, ಆಟ ನಿಮ್ಮ ಪಾಲಿಗಿರಲಿ. ಗುಂಡಿ ಮುಚ್ಚಿಡುವ ಆಟಕ್ಕೆ ನಿಮಗೆ ಯಾವ ಚಳಿಜ್ವರವೂ ಬರಲ್ಲ. ‘ನನಗೂ ಲೆಕ್ಕ ಬರ್ತಿರ್ಲಿಲ್ಲ, ಅವಳಿಗೂ ನನ್ನ ಥರಾನೇ’ ಅನ್ನುವ ಮಾತು ಮಾತ್ರ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಸರಿ ಉತ್ತರ ಬಂದಾಗ ‘ಜಾಣೆ’ ಅಂದು ಬಿಡುವ ಬದಲು ‘ಹೇಗೆ ಗೊತ್ತಾಯ್ತು?’ ಅಂತ ಕೇಳಿ. ತಪ್ಪಾದಾಗಲೂ ಅದೇ ಪ್ರಶ್ನೆ, ಅದೇ ದನಿಯಲ್ಲಿ. ವಿವರಿಸುತ್ತಾ ಹೋದಂತೆ ಎಷ್ಟೋ ಸಲ ಮಕ್ಕಳೇ ತಿದ್ದಿಕೊಳ್ಳುತ್ತಾರೆ.

ಯಾವಾಗ ಬೇರೆಯವರನ್ನು ಕೇಳಬೇಕು? ಹೀಗೆ ಆಡುತ್ತಾ ಐದೂವರೆ-ಆರು ವರ್ಷವಾದರೂ ಮೂರು ಕೇಳಿದರೆ ಮೂರು ಕೊಡಲು ಬರದಿದ್ದರೆ, ಎರಡು ಗುಂಡಿಯ ಗುಂಪಿಗೂ ಐದು ಗುಂಡಿಯ ಗುಂಪಿಗೂ ಯಾವುದರಲ್ಲಿ ಜಾಸ್ತಿ ಅಂತ ತಿಳಿಯದಿದ್ದರೆ, ಇಲ್ಲವೇ ನಿನ್ನೆ ಗಟ್ಟಿಯಿದ್ದ ಹತ್ತರ ತನಕದ ಎಣಿಕೆ ಇವತ್ತು ಪೂರ್ತಿ ಕಳಚಿಹೋದರೆ ಮಕ್ಕಳ ವೈದ್ಯರಿಗೆ ತೋರಿಸಿ, ಶಾಲೆಯ ಟೀಚರ್ ಜೊತೆಯೂ ಮಾತಾಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಸರಿಯಾಗಿ ಕೇಳಿಸದ ಮಗುವಿಗೆ ಅರವತ್ತೂ ಎಪ್ಪತ್ತೂ ಒಂದೇ. ಡಿಸ್ಕ್ಯಾಲ್ಕುಲಿಯಾ ಅನ್ನುವ ಲೆಕ್ಕದ ತೊಂದರೆಯನ್ನು ಸಾಮಾನ್ಯವಾಗಿ ಶಾಲೆಯಲ್ಲಿ ಕೆಲವು ವರ್ಷ ಕಲಿತಮೇಲೆಯೇ ಗುರುತಿಸುತ್ತಾರೆ. ನಾಲ್ಕೂವರೆಗೆ ಆ ಹೆಸರು ಹಚ್ಚುವ ಯಾರ ಮಾತನ್ನೂ ಪೂರ್ತಿ ನಂಬಬೇಡಿ. ಹೋಗುವಾಗ ‘ಲೆಕ್ಕ ಬರಲ್ಲ’ ಅಂತ ಹೇಳುವುದರ ಬದಲು, ಯಾವ ಸಂಖ್ಯೆ ಕೇಳಿದಾಗ ಎಷ್ಟು ಕೊಟ್ಟಳು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೋಡುವವರಿಗೆ ಅದರಿಂದ ಅರ್ಧ ಕೆಲಸ ಕಡಿಮೆಯಾಗುತ್ತದೆ.